ರೀಲಿಗೆ ಹಾಕಿದ ಎಣ್ಣೆ

೧೧ ಏಪ್ರಿಲ್ ೧೯೩೭. ಗಾಜಿಪುರ. ಬೆಳಿಗ್ಗೆ

ಲಿಂಗಪೂಜೆ ಮುಗಿಯಿತು. ಗಂಜ್ ಪೇಟೆಯ ಎಣ್ಣೆ ಅಂಗಡಿ ತೆರೆಯಲು ಇನ್ನೂ ಹೊತ್ತಿದೆ. ಗಾಣದಿಂದ ಹೊಸ ಕುಸುಬಿ ಎಣ್ಣೆ ಬಂದಿದೆ, ಬಂಗಾರದ ಬಣ್ಣ. ನನ್ನ ಎಣ್ಣೆಗೆ ಹೆಸರಿಡುವವನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ತಮ್ಮ ಅಣವೀರಪ್ಪ ರಾತ್ರಿಯೆಲ್ಲ ಕೆಮ್ಮಿದ. ಡಾಕ್ಟರು ಕ್ಷಯ ಅಂದು ತಿಂಗಳಾಯಿತು. ಮಳೆ ಬಿದ್ದು ಧಗೆ ಇಳಿದ ಮೇಲೆ ಕಮಲಾಪುರದ ಬಾಳೆತೋಟಕ್ಕೆ ಕರೆದೊಯ್ಯಿರಿ, ಗಾಳಿ ಒಳ್ಳೆಯದು ಅಂದಿದ್ದಾರೆ. ಇವನಿಗೆ ತೋಟ ಬೇಡ. ತೋಟದ ಅಂಚಿನ ಹಳ್ಳದ ಮಡು ಬೇಕು. ಗಾಳ ಎಸೆಯಬೇಕಂತೆ! ಲಿಂಗ ಕಟ್ಟಿದ ಮನೆಯ ಹುಡುಗ. ಹಿಡಿದ ಮೀನನ್ನು ತಿನ್ನುವುದಿಲ್ಲ, ತಿರುಗಿ ನೀರಿಗೇ ಬಿಡುತ್ತಾನೆ. ಹಾಗಾದರೆ ಹಿಡಿಯುವುದೇಕೆ? ಕೇಳಿದರೆ ನಗುತ್ತಾನೆ.

ಎಲ್ಲ ಆ ಇಂಜಿನಿಯರ್ ಸಾಹೇಬನಿಂದ. ಅವನ ಕಚೇರಿಯಲ್ಲಿ ಇವನು ಗುಮಾಸ್ತನಾಗಿದ್ದ. ಸಾಹೇಬ ವಿಲಾಯತಿಗೆ ಹೋಗುವಾಗ ತನ್ನ ಗಾಳದ ಕೋಲು, ರೀಲು ಇವನ ಕೈಗಿಟ್ಟು ಹೋದ. ರೀಲು ಅಂದರೆ ಅಂಗೈಯಲ್ಲಿ ಕೂರುವ ಹಿತ್ತಾಳೆ ಯಂತ್ರ. ಹಿಡಿಕೆ ಒಂದು ಸುತ್ತು ತಿರುಗಿದರೆ ಒಳಗೆ ರೇಷ್ಮೆ ದಾರದ ಉರುಳೆ ನಾಲ್ಕು ಸುತ್ತು ತಿರುಗುತ್ತದೆ. ನನ್ನ ಮನೆಯೊಳಗೆ ಬರಕೂಡದು ಅಂದೆ. ಕೊಟ್ಟಿಗೆಯ ಗೂಡಿನಲ್ಲಿದೆ.

೧೪ ಏಪ್ರಿಲ್

ಅಣವೀರನ ಕೈ ನಡುಗುತ್ತದೆ. ರೀಲಿಗೆ ಎಣ್ಣೆ ಹಾಕಲು ಹೋಗಿ ಚೆಲ್ಲಿದ. ನೀನೇ ಹಾಕು ಅಂದ. ಆ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ.

ಕೈಗೆ ಬಟ್ಟೆ ಸುತ್ತಿಕೊಂಡು ಮುಟ್ಟಿದೆ. ಅವನು ಹೇಳಿದ, ನಾನು ಮಾಡಿದೆ. ಪಕ್ಕದ ತಿರುಪು ಬಿಚ್ಚು. ಹಳೆಯ ಜಿಡ್ಡು ಒರೆಸು. ಉರುಳೆಯ ಅಚ್ಚಿನ ಎರಡು ತುದಿಗೆ ಸೂಜಿಮೊನೆಯಿಂದ ಒಂದೊಂದು ಹನಿ. ಹಲ್ಲಿನ ಚಕ್ರಕ್ಕೆ ಎಳ್ಳಿನಷ್ಟು ವ್ಯಾಸಲೀನ್. ಹೆಚ್ಚು ಹಾಕಿದರೆ ಕೆಟ್ಟಿತು. ಎಣ್ಣೆ ವ್ಯಾಪಾರಿಗೆ ಎಣ್ಣೆಯ ಪಾಠ!

ಉರುಳೆಯನ್ನು ಬೆರಳಿನಿಂದ ತಿರುಗಿಸಿ ಕಣ್ಣು ಮುಚ್ಚಿ ಕೇಳುತ್ತ ಕೂತ. ಆಮೇಲೆ ಅಂದ: "ಅಣ್ಣಾ, ಇಷ್ಟು ವರ್ಷದಾಗ ನೀ ಒಮ್ಮಿನೂ ಮಡುವಿನ ದಂಡಿಗಿ ಬರಲಿಲ್ಲ. ಈ ಸಲ ಬಾ. ನಾ ಎಸೀತೀನಿ, ನೀ ಬಾಜೂಕ ನಿಂತು ಕೇಳು. ಅಷ್ಟ ಸಾಕು."

ಬರುತ್ತೇನೆ ಅಂದೆ. ಮಾತು ಕೊಟ್ಟದ್ದು ಕೊಟ್ಟದ್ದೇ.

೧೯ ಏಪ್ರಿಲ್

ರೀಲಿನ ಎಣ್ಣೆಯ ಶೀಶೆ ಖಾಲಿಯಾಗಿತ್ತು. ಶಾಹಬಜಾರಿನ ಗಡಿಯಾರದ ನಬಿಸಾಬನ ಹತ್ತಿರ ಹೋದೆ. ಕೈಗಡಿಯಾರಕ್ಕೆ ಹಾಕುವ ಎಣ್ಣೆಯೇ ಇದಕ್ಕೂ ಆಗುತ್ತದೆ. ಕಿರುಬೆರಳಿನಷ್ಟು ಶೀಶೆ ಕೊಟ್ಟ. ವ್ಯಾಪಾರದ ಚಾಳಿ, ಯಾವ ಕಾಳಿನದು ಅಂತ ಕೇಳಿಬಿಟ್ಟೆ.

"ಕಾಳಿಂದಲ್ರೀ ಸಾವ್ಕಾರ್ರ. ಸಮುದ್ರದಾಗ ಒಂದು ದೊಡ್ಡ ಮೀನ ಇರ್ತದಂತ. ಅದರ ದವಡಿದು."

ಶೀಶೆಯನ್ನು ಅಲ್ಲೇ ಇಟ್ಟು ಬಂದೆ. ಶಿವ ಶಿವಾ! ಮೊನ್ನೆ ಹಾಕಿದ್ದೂ ಅದೇ. ಬಾವಿಗೆ ಹೋಗಿ ಸ್ನಾನ ಮಾಡಿದೆ, ಮತ್ತೆ ಪೂಜೆಗೆ ಕೂತೆ. ಇದೇ ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳುವವನು ನಾನು.

ಸಂಜೆ. ದಾರಿ ಹೊಳೆಯಿತು. ರೀಲು ಬಿಚ್ಚಿದೆ. ಇದ್ದದ್ದನ್ನೆಲ್ಲ ಒರೆಸಿ ತೆಗೆದೆ. ದೇವರ ದೀಪಕ್ಕೆ ತೆಗೆದಿಟ್ಟ ಮೊದಲ ಹಿಂಡಿನ ಕುಸುಬಿ ಎಣ್ಣೆ ಹಾಕಿದೆ. ತಿರುಗಿಸಿದರೆ... ಆಹಾ! ನಿಲ್ಲುವುದೇ ಇಲ್ಲ. ಮೀನೆಣ್ಣೆಯಂತೆ, ಮೀನೆಣ್ಣೆ! ಮನೆಯಲ್ಲಿ ಅಮೃತ ಇಟ್ಟುಕೊಂಡು ಪರದೇಶದ ಹೊಲಸು ಯಾಕೆ?

ಅಣವೀರನಿಗೆ ಹೇಳಲಿಲ್ಲ. ಎಣ್ಣೆ ಹಾಕಿದೆ ಅಂದೆ. ಸುಳ್ಳೇನಲ್ಲ.

೨ ಮೇ

ಬಿಸಿಲು ಬೆಂಕಿ. ರೀಲಿಗೆ ಇನ್ನೊಮ್ಮೆ ಹನಿ ಹಾಕಿದೆ. ಎರಡೆರಡು ಹನಿ. ಎಳ್ಳಿನ ಲೆಕ್ಕ ನನಗೆ ಒಗ್ಗುವುದಿಲ್ಲ. ಹೊಸ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಹೌದು, ಮನೆಯೊಳಗೇ. ಈಗ ಅದು ದೇವರ ಎಣ್ಣೆಯದಲ್ಲವೇ. ಹೆಂಡತಿ ಕಸ್ತೂರಿಬಾಯಿ ನೋಡಿ ತನ್ನ ಸೀರೆಗಳನ್ನು ಪಕ್ಕಕ್ಕೆ ಸರಿಸಿದಳು.

ಅಣವೀರ ಅರ್ಧ ಭಕ್ರಿ ತಿಂದ.

೧೫ ಜೂನ್

ಮಳೆ. ನಾಳೆ ಹೊರಡುವುದು. ಹುಮನಾಬಾದ್ ಮೋಟಾರಿನ ಡ್ರೈವರ್ ಲಾಲ್ ಅಹ್ಮದ್ ಮುಂದಿನ ಸೀಟಿನಲ್ಲಿ ದಿಂಬು ಹಾಕಿ ಕರೆದೊಯ್ಯುತ್ತೇನೆ ಅಂದಿದ್ದಾನೆ. ತಮ್ಮನ ಗಾಳದ ದೋಸ್ತ. ಅಣವೀರ ಮಗುವಿನಷ್ಟು ಹಗುರ. ಆದರೆ ಕಣ್ಣಲ್ಲಿ ಕಳೆ ಬಂದಿದೆ. ಬದುಕುತ್ತಾನೆ ಅನ್ನಿಸುತ್ತದೆ.

೧೭ ಜೂನ್. ಕಮಲಾಪುರ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಅವನನ್ನು ಹೊರಸಿನ ಸಮೇತ ಮಡುವಿನ ದಂಡೆಗೆ ತಂದೆವು. ಕೆಂಪು ಹೊಸನೀರು. ಅವನೇ ಎದ್ದು ನಿಂತ. ಬೆನ್ನಿಗೆ ಲಾಲ್ ಅಹ್ಮದನ ಕೈ. ನಾನು ಬಾಜೂಕೆ ನಿಂತೆ, ಮಾತು ಕೊಟ್ಟಂತೆ. ಕೋಲು ಹಿಂದಕ್ಕೆ ತಂದು ಎಸೆದ.

ದಾರದ ತುದಿಯ ಸೀಸದ ಗುಂಡು ಅವನ ಕಾಲ ಬಳಿಯೇ ಬಿತ್ತು. ಉರುಳೆ ತಿರುಗಲಿಲ್ಲ.

ಇನ್ನೊಮ್ಮೆ ಎಸೆದ. ಇಲ್ಲ. ಹಿಡಿಕೆ ತಿರುಗಿಸಲು ನೋಡಿದ, ಆಗಲಿಲ್ಲ. ಲಾಲ್ ಅಹ್ಮದ್ ತಿರುಪು ಬಿಚ್ಚಿದ. ಒಳಗೆ ಅಚ್ಚಿಗೆ, ಹಲ್ಲಿಗೆ ಹಳದಿ ಅಂಟು, ಬೇವಿನ ಗೋಂದಿನ ಹಾಗೆ. ಉಗುರಿಗೂ ಏಳಲಿಲ್ಲ.

ಅಣವೀರ ಬೆರಳಿಟ್ಟು ಮೂಸಿ ನೋಡಿದ. ನನ್ನ ಮುಖ ನೋಡಿದ. "ದೇವರ ಮನಿ ಎಣ್ಣಿ ಹಾಕೀಯೇನು, ಅಣ್ಣಾ?"

ಬೈಯಲಿಲ್ಲ ಅವನು. ನಕ್ಕ. ನಗುತ್ತಲೇ ಕೆಮ್ಮು ಹತ್ತಿತು, ಪಂಚೆಯ ಮೇಲೆ ರಕ್ತ. ಹೊರಸಿನ ಮೇಲೆ ಮಲಗಿಸಿದಾಗ ನನ್ನ ಕೈ ಹಿಡಿದು ಅಂದ: "ಇರ್ಲಿ ಬಿಡು. ಮ್ಯಾಲ ಬರೇ ಒಣಗೇದ. ತೊಳೆದ್ರ ಹೋಗ್ತದ. ಮತ್ತ ಬರೋಣಂತ."

ಕುಸುಬಿ ಎಣ್ಣೆ ಬಿಸಿಲಿಗೆ ಒಣಗಿ ತೊಗಲಾಗುತ್ತದೆ. ಪೀಪಾಯಿಯ ಅಂಚಿನಲ್ಲಿ ದಿನಾ ನೋಡುತ್ತೇನೆ. ದಿನಾ ಕೆರೆದು ತೆಗೆಸುತ್ತೇನೆ. ನನಗೆ ಗೊತ್ತಿಲ್ಲದ್ದಲ್ಲ! ಗೊತ್ತಿದ್ದೂ ಹೊಳೆಯಲಿಲ್ಲ.

೧೮ ಜೂನ್

ಲಾಲ್ ಅಹ್ಮದನ ಕೈಗೆ ಚೀಟಿ ಕೊಟ್ಟು ನಬಿಸಾಬನ ಹತ್ತಿರ ಕಳಿಸಿದೆ. ಅದೇ ಶೀಶೆ ತಾ ಅಂದೆ. ನಾಳೆ ಸಂಜೆಯ ಮೋಟಾರಿಗೆ ಬರುತ್ತಾನೆ. ಅಷ್ಟರೊಳಗೆ ಚಿಮಣಿ ಎಣ್ಣೆಯಲ್ಲಿ ನೆನೆಸಿ ಉಜ್ಜುತ್ತಿದ್ದೇನೆ. ಅಣವೀರ ಮಲಗಿದ್ದಲ್ಲಿಂದಲೇ ನೋಡುತ್ತಾನೆ. ಅಲ್ಲಿ ಇನ್ನೂ ಅದ, ಅಲ್ಲಿ ಅಂತ ತೋರಿಸುತ್ತಾನೆ.

೧೯ ಜೂನ್. ಮಧ್ಯಾಹ್ನ

ಚಕ್ರ ಬಿಟ್ಟಿತು. ಉರುಳೆ ಒಂದಿಷ್ಟು ತಿರುಗಿತು. ತೋರಿಸಲು ಹೋದೆ.

೨೯ ಜುಲೈ. ಗಾಜಿಪುರ

ಇಷ್ಟು ದಿನ ಈ ಪುಸ್ತಕ ಮುಟ್ಟಿಲ್ಲ.

ಅಂದು ರೀಲು ತೋರಿಸಲು ಹೋದಾಗ ಅಣವೀರನ ಉಸಿರು ನಿಂತಿತ್ತು. ತೋಟದಲ್ಲೇ ಅವನನ್ನು ಕೂರಿಸಿ ಮಣ್ಣು ಮಾಡಿದೆವು. ಕೆಂಪು ಬಾಳೆಯ ಸಾಲಿನ ಕೊನೆಗೆ, ಮಡುವಿನ ಕಡೆಗೆ. ಜಂಗಮರು ಬಂದರು, ಎಲ್ಲ ಕ್ರಮದಿಂದ ಆಯಿತು. ಲಾಲ್ ಅಹ್ಮದ್ ಅದೇ ಸಂಜೆ ಶೀಶೆ ಜೇಬಿನಲ್ಲಿಟ್ಟುಕೊಂಡು ಬಂದ. ಬೇಲಿಯ ಹೊರಗೇ ಕೂತು ಅತ್ತ.

ಜನ ಬಂದು ಹೇಳುತ್ತಾರೆ: ಆಯುಷ್ಯ ಅಷ್ಟೇ ಇತ್ತು, ಯಾರೇನು ಮಾಡಲು ಬರುತ್ತದೆ. ಸರಿ. ಆಯುಷ್ಯ ಶಿವನ ಕೈಯಲ್ಲಿತ್ತು. ರೀಲು ನನ್ನ ಕೈಯಲ್ಲಿತ್ತಲ್ಲ.

ಶೀಶೆ ಕೊಟ್ಟಿಗೆಯ ಗೂಡಿನಲ್ಲಿದೆ. ದಿನಾ ಹೋಗಿ ನೋಡಿ ಬರುತ್ತೇನೆ. ಮುಟ್ಟಿಲ್ಲ.

೯ ಆಗಸ್ಟ್. ಶ್ರಾವಣ ಸೋಮವಾರ. ಬೆಳಿಗ್ಗೆ, ಕಮಲಾಪುರ

ನಿನ್ನೆಯೇ ಬಂದೆವು, ಸಮಾಧಿಗೆ ಪತ್ರಿ ಏರಿಸಲು. ಟ್ರಂಕಿನಲ್ಲಿ ರೀಲು, ಶೀಶೆ. ಬೆಳಿಗ್ಗೆ ಕಸ್ತೂರಿಬಾಯಿ ಪೂಜೆಗೆ ಅಣಿ ಮಾಡಿಟ್ಟಿದ್ದಳು. ನಾನು ರೀಲು ಬಿಚ್ಚಿಕೊಂಡು ಕೂತೆ. ಶ್ರಾವಣ ಸೋಮವಾರ, ಪೂಜೆಯ ಮೊದಲು. ಅವಳು ಬಾಗಿಲಲ್ಲಿ ನಿಂತಳು. ಅಣವೀರ ಅವಳ ಕೈಯಲ್ಲೇ ಬೆಳೆದ ಮೈದುನ.

"ಏನ್ರೀ, ಕೈಗಿ ಬಟ್ಟಿ ಬ್ಯಾಡೇನು?"

ಬೇಡ ಅಂದೆ. ಅವಳೇ ಸೂಜಿ ಹುಡುಕಿ ತಂದು ಕೊಟ್ಟಳು.

ಎಡಗೈ ಅಂಗೈಯಲ್ಲಿ ರೀಲು ಇಟ್ಟುಕೊಂಡೆ, ಲಿಂಗ ಇಡುವ ಅಂಗೈಯಲ್ಲಿ. ತುದಿಗೊಂದು ಹನಿ. ಹಲ್ಲಿಗೆ ಎಳ್ಳಿನಷ್ಟು. ಹೆಚ್ಚು ಹಾಕಲಿಲ್ಲ, ಅಣವೀರಾ.

ಹತ್ತು ಗಂಟೆ. ದಂಡೆಯ ಮೇಲೆ

ಲಾಲ್ ಅಹ್ಮದ್ ಎಸೆಯುವುದು ಹೇಳಿಕೊಟ್ಟ. ಕೊಕ್ಕೆ ಕಟ್ಟಲಿಲ್ಲ, ಬರೀ ಸೀಸದ ಗುಂಡು. ಹೆಬ್ಬೆರಳು ಉರುಳೆಯ ಮೇಲೆ, ಎಸೆಯುವಾಗ ಹಗುರ ಮಾಡು. ಮೊದಲು ಹಗುರ ಮಾಡಲಿಲ್ಲ, ಗುಂಡು ಹೋಗಲಿಲ್ಲ. ಆಮೇಲೆ ಪೂರಾ ಬಿಟ್ಟೆ, ದಾರವೆಲ್ಲ ಸಿಕ್ಕು. ಅವನು ಕೂತು ಬಿಡಿಸಿ ಕೊಟ್ಟ. ಮತ್ತೆ ಎಸೆದೆ.

ಹೋಯಿತು. ಮಡುವಿನ ನಡುವಿನವರೆಗೆ ಹೋಯಿತು. ಬೆರಳ ಕೆಳಗೆ ಉರುಳೆ ಓಡುತ್ತಲೇ ಇತ್ತು. ಕೇಳಿದೆ, ಅಣವೀರಾ. ನೀನು ಹೇಳಿದ ಹಾಗೆ ಬಾಜೂಕೆ ನಿಂತಲ್ಲ, ನಾನೇ ಎಸೆದು ಕೇಳಿದೆ. ಅದು ಎಷ್ಟು ಮೆತ್ತಗಿನ ಸದ್ದು, ಗಾಣದಿಂದ ಎಣ್ಣೆ ಇಳಿಯುವ ಹಾಗೆ.