ಒಂಬತ್ತನೇ ಮಹಡಿಯಿಂದ ಮಣ್ಣಿಗೆ

ಫೆಬ್ರವರಿ 3, 2019. ಭಾನುವಾರ.

ಅತ್ತೆಗೆ ಸ್ನಾನ ಮಾಡಿಸಿದೆ. ವಿಭೂತಿ ಹಚ್ಚಿದೆ. ಅವರ ಸೀರೆಯನ್ನು ಬಾಲ್ಕನಿಯಲ್ಲಿ ಒಣಹಾಕಿದ್ದಕ್ಕೆ ಮತ್ತೆ ಇಂಟರ್‌ಕಾಮ್ ಬಂತು. ಹೊರಗಿನಿಂದ ಬಟ್ಟೆ ಕಾಣಬಾರದು, ನಿಯಮ ಹನ್ನೆರಡು. "ಸೆಕ್ರೆಟರಿ ಸಾಹೇಬರ ಮನಿಯವ್ರೇ ಹಿಂಗ್ ಮಾಡಿದ್ರ ಹ್ಯಾಂಗ್ರಿ ಬಾಯಿ?" ಅಂದ ಗಾರ್ಡ್. ಸೆಕ್ರೆಟರಿ ಅಂದರೆ ಇವರು, ನನ್ನ ಗಂಡ ಓಂಪ್ರಕಾಶ. ಉದಗೀರಿನಲ್ಲಿ ಇಷ್ಟು ಎತ್ತರದ ಟಾವರ್ ಇದೇ ಮೊದಲು ಎಂದು ಇವರಿಗೆ ಹೆಮ್ಮೆ. ನಲವತ್ತು ನಿಯಮಗಳನ್ನೂ ಇವರೇ ಕೂತು ಬರೆದದ್ದು.

ಅತ್ತೆಯದು ದಿನಾ ಒಂದೇ ಮಾತು.

"ಸುಗಂಧಾ, ಕೆಳಗ ಒಯ್ಯವಾ. ಒಂದ್ ಗಳಿಗಿ ನೆಲದಾಗ ಕೂಡತೀನಿ."

"ಹುಲ್ಲಿನ ಮ್ಯಾಗ ಕೂಡಂಗಿಲ್ರಿ ಅತ್ತಿ. ನಿಯಮ ಅದ."

"ಹುಲ್ಲಿಗೂ ನನ್ನ ಮಗಂದೇ ರಾಜ್ಯ ಏನು?"

ಇಬ್ಬರೂ ನಕ್ಕೆವು. ಬಹಳ ದಿನವಾಗಿತ್ತು.

ಫೆಬ್ರವರಿ 9.

ಆರನೇ ಮಹಡಿಯ ದಿಗಂಬರನ ಅಪ್ಪ ಕಾಶೆಪ್ಪ ಬೆಳಿಗ್ಗೆ ತೀರಿಕೊಂಡರು. ನಮ್ಮವರೇ, ಲಿಂಗ ಕಟ್ಟಿದವರು. ಸರ್ವಿಸ್ ಲಿಫ್ಟ್ ಕೆಟ್ಟಿತ್ತು. ನಿಯಮ ಮೂವತ್ತೊಂದು — ಹೆಣವನ್ನು ಮುಂದಿನ, ಜನ ಓಡಾಡುವ ಲಿಫ್ಟಿನಲ್ಲಿ ಒಯ್ಯಬಾರದು. ದಿಗಂಬರ ನಮ್ಮ ಬಾಗಿಲಿಗೆ ಬಂದು ಕೈ ಮುಗಿದ.

"ಸಾಹೇಬ್, ಐದೇ ಮಿನಿಟು. ಕುರ್ಚಿ ಮ್ಯಾಗ ಕೂಡ್ರಿಸೀವಿ. ಯಾರಿಗೂ ತ್ರಾಸ ಇಲ್ಲ."

"ರೂಲ್ ಅಂದ್ರ ರೂಲ್. ನಾಳಿ ನಮ್ಮವ್ವ ಸತ್ರೂ ಇದೇ."

ಅತ್ತೆ ಒಳಗಿದ್ದರು. ಕೇಳಿಸಿರಬೇಕು.

ನಾಲ್ಕು ಜನ ಕುರ್ಚಿ ಎತ್ತಿ ಮೆಟ್ಟಿಲು ಇಳಿದರು. ಎರಡನೇ ಮಹಡಿಯ ತಿರುವಿನಲ್ಲಿ ಕಾಶೆಪ್ಪ ಜಾರಿ ಉರುಳಿದರು. ಅಂಗೈಯಲ್ಲಿದ್ದ ಲಿಂಗ ಪಾರ್ಕಿಂಗ್‌ವರೆಗೂ ಹೋಗಿತ್ತಂತೆ. ಹುಡುಕಿ ತಂದರಂತೆ.

ಇವರು ಊಟ ಮಾಡಿ ಮಲಗಿದರು.

ಫೆಬ್ರವರಿ 10.

ಭೂಕಂಪದ ಮಾತನ್ನು ಅತ್ತೆ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಇವತ್ತು ಅವರೇ ಎತ್ತಿದರು.

ತೊಂಬತ್ತಮೂರನೇ ಇಸವಿ. ಲೋಹಾರಾ ಕಡೆಯ ನಮ್ಮ ಊರು. ಕಲ್ಲಿನ ಗೋಡೆ. ನನ್ನ ಮಗಳು ಭುವನೇಶ್ವರಿಗೆ ನಾಲ್ಕು ವರ್ಷ. ಹೆಣ ಬಹಳ ಇದ್ದವು, ಮಳೆ ಬೇರೆ. ಎಲ್ಲರನ್ನೂ ಒಟ್ಟಿಗೆ ಸುಟ್ಟರು. ನಮ್ಮಲ್ಲಿ ಸುಡುವುದಿಲ್ಲ. ಪದ್ಮಾಸನ ಹಾಕಿಸಿ ಮಣ್ಣಿನಲ್ಲಿ ಕೂಡಿಸುತ್ತೇವೆ. ಅವಳನ್ನು ಯಾರೂ ಕೂಡಿಸಲಿಲ್ಲ.

"ಆ ಕೂಸು ಇನ್ನಾ ನಿಂತೇ ಅದ" ಅಂದರು ಅತ್ತೆ. "ನನಗ ನಿಲಂಗಾದ ನಮ್ಮ ಹೊಲದಾಗ ನೆಟ್ಟಗ ಕೂಡ್ರಸು. ನನ್ನ ತೊಡಿ ಮ್ಯಾಗ ಆಕಿ ಬಂದು ಕೂಡತಾಳ. ಆಣಿ ಮಾಡು."

ಅವರ ಲಿಂಗ ಮುಟ್ಟಿ ಆಣೆ ಮಾಡಿದೆ.

ಮಾರ್ಚ್ 16. ಸಂಜೆ ಐದು. ಆಸ್ಪತ್ರೆಯ ಬೆಂಚು.

ಈ ವಹಿ ಚೀಲದಲ್ಲಿತ್ತು. ಬರೆಯದಿದ್ದರೆ ಕೂಗಿಬಿಡುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಹಾಲು ಕುಡಿಸಲು ಹೋದೆ. ಅತ್ತೆ ಇರಲಿಲ್ಲ. ಮೈ ಮಾತ್ರ ಇತ್ತು, ಇನ್ನೂ ಬೆಚ್ಚಗೆ. ಬೇಗ ಕೂಡಿಸಿದರೆ ಕಾಲು ಮಡಚುತ್ತವೆ, ತಡವಾದರೆ ಸೆಟೆಯುತ್ತವೆ, ಅದು ಎಲ್ಲರಿಗೂ ಗೊತ್ತು. ಸರ್ವಿಸ್ ಲಿಫ್ಟ್ ಮತ್ತೆ ರಿಪೇರಿಯಲ್ಲಿತ್ತು.

"ಮುಂದಿನ ಲಿಫ್ಟಿನಾಗೇ ಒಯ್ಯೂಣ್ರಿ. ನಿಮ್ಮವ್ವ ಇದ್ದಾಳ" ಅಂದೆ.

"ಆ ದಿಗಂಬರ ನಗ್ತಾನ." ಇವರು ಎದ್ದು ಬಾಗಿಲು ಹಾಕಿದರು. ಆಮೇಲೆ — "ವೀಲ್‌ಚೇರ್ ತಾ. ಶಾಲ್ ಹೊದಸು. ಜೀವ ಅದ ಅನ್ನು. ದವಾಖಾನಿಗಿ ಹೊಂಟೀವಿ ಅನ್ನು. ಅಳಬ್ಯಾಡ."

ಅಳಲಿಲ್ಲ. ಕೂಡಿಸಿದೆ. ತಲೆ ಬೀಳದಂತೆ ಹಿಂದಿನಿಂದ ಹಿಡಿದೆ. ಕಾರಿನಲ್ಲಿ ಸೀದಾ ನಿಲಂಗಾದ ಹೊಲಕ್ಕೆ — ಹಾಗೆ ಲೆಕ್ಕ.

ಲಿಫ್ಟ್ ಆರನೇ ಮಹಡಿಯಲ್ಲಿ ನಿಂತಿತು. ದಿಗಂಬರ ಒಳಗೆ ಬಂದ.

"ಶರಣ್ರೀ ಆಯಿ. ಎಲ್ಲಿಗಿ ಸವಾರಿ?" ಉತ್ತರಕ್ಕೆ ಕಾದ. ಬಗ್ಗಿ ಅತ್ತೆಯ ಪಾದ ಮುಟ್ಟಿದ. ಕೈ ಅಲ್ಲೇ ಇಟ್ಟುಕೊಂಡ.

"ಚಕ್ಕರ ಬಂದದ. ದವಾಖಾನಿಗಿ" ಅಂದರು ಇವರು.

"ಕಾಲು ಥಂಡ ಆಗ್ಯಾವಲ್ರಿ ಸಾಹೇಬ್. ಸಾಕ್ಸರ ಹಾಕಬಾರದಾ ವೈನಿ?"

ಅವನಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು.

ಕೆಳಗೆ ಲಾಬಿ ತುಂಬ ಜನ. ದಿಗಂಬರ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಅರ್ಜೆಂಟ್ ಅದ! ಆಯಿಗಿ ಆರಾಮಿಲ್ಲ! ಟಾವರಿನ ಅಂಬ್ಯುಲೆನ್ಸ್ ಕರೀರಿ, ಎಮರ್ಜೆನ್ಸಿಗಿ ಅದೇ ರೂಲ್ ಅದ! ಅಲ್ಲೇನ್ರಿ ಸಾಹೇಬ್?"

ಅದೂ ಇವರೇ ಬರೆದ ನಿಯಮ. ಇವರು ಬಾಯಿ ತೆರೆದರು. "ಹೌದು" ಅಂದರು.

ಗಾರ್ಡುಗಳು ಸ್ಟ್ರೆಚರ್ ತಂದರು. ಅತ್ತೆಯನ್ನು ಉದ್ದಕ್ಕೆ ಮಲಗಿಸಿದರು. ಮೊಣಕಾಲಿನ ಮೇಲೆ ಬೆಲ್ಟ್ ಬಿಗಿದರು. ಸತ್ತಿದ್ದಾರೆ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇವರ ಮುಖ ನೋಡಿ ಸುಮ್ಮನಾದೆ. ಮೂವತ್ತೆರಡು ವರ್ಷದ ಸಂಸಾರದ ರೂಢಿ.

ಡಾಕ್ಟರ್ ಅಂದರು — ತೀರಿ ಒಂದು ತಾಸಿನ ಮೇಲಾಗಿದೆ, ಪೊಲೀಸರಿಗೆ ತಿಳಿಸಬೇಕು. ದಿಗಂಬರ ಹಿಂದೆಯೇ ಬಂದಿದ್ದ. ಪೊಲೀಸರ ಮುಂದೆ ಹೇಳಿಕೆ ಕೊಟ್ಟ. "ಲಿಫ್ಟಿನಾಗ ಜೀವ ಇತ್ತು ಸಾಹೇಬ್. ಸ್ವತಃ ಮಗನೇ ಅಂದಾರ." ಡಾಕ್ಟರ್ ಮಾತಿಗೂ ಅವನ ಮಾತಿಗೂ ತಾಳೆ ಆಗಲಿಲ್ಲ. ಪೋಸ್ಟ್‌ಮಾರ್ಟಮ್ ನಾಳೆ. ಅಲ್ಲಿಯವರೆಗೆ ಐಸಿನಲ್ಲಿ.

ಹೇಗೆ ಇಡುತ್ತೀರಿ ಎಂದು ವಾರ್ಡ್‌ಬಾಯ್‌ನನ್ನು ಕೇಳಿದೆ. ಮಲಗಿಸಿ, ಅಂದ. ಕೂಡಿಸಿ ಇಡಲು ಬರುವುದಿಲ್ಲವೇ ಅಂದೆ. ನಕ್ಕ.

ಮಾರ್ಚ್ 17. ನಿಲಂಗಾ. ಹೊಲ.

ಮಧ್ಯಾಹ್ನ ಎರಡಕ್ಕೆ ಕೊಟ್ಟರು. ಹಲಗೆಯ ಹಾಗೆ ಸೆಟೆದಿದ್ದರು.

ಗುಂಡಿ ತಯಾರಿತ್ತು. ಮೂರು ಮೆಟ್ಟಿಲು, ಗೋಡೆಯಲ್ಲಿ ಗೂಡು. ಗೂಡು ಕೂತವರ ಅಳತೆಯದು. ಮಂತ್ರ ಹೇಳುವ ಅಯ್ಯನವರು ಕಾಲುಗಳನ್ನು ಒತ್ತಿ ನೋಡಿದರು.

"ಮಲಗಿಸಿ ಮಣ್ಣು ಕೊಡ್ರಿ. ಇಲ್ಲಂದ್ರ ಮೊಳಕಾಲು ಮುರೀಬೇಕಾಗತದ."

ಇವರು ನನ್ನ ಕಡೆ ತಿರುಗಿದರು. "ನೀ ಹೇಳು." ಇಡೀ ಬಾಳಿನಲ್ಲಿ ನನ್ನನ್ನು ಕೇಳಿದ್ದು ಇದೊಂದೇ.

ಮಲಗಿದವರಿಗೆ ತೊಡೆ ಇರುವುದಿಲ್ಲ. ಭುವನಿ ಎಲ್ಲಿ ಕೂಡಬೇಕು?

"ಕೂಡ್ರಸ್ರಿ" ಅಂದೆ.

ಯಾರೂ ಮುಂದೆ ಬರಲಿಲ್ಲ. ದಿಗಂಬರ ಬಂದ. ಪ್ಯಾಂಟ್ ಮಡಚಿ ಗುಂಡಿಗೆ ಇಳಿದ. "ನಾ ಹಿಡೀತೀನ್ರಿ ಸಾಹೇಬ್. ನನಗ ಹೆಣ ಹಿಡದು ರೂಢಿ ಅದ. ಇನ್ನೊಂದು ಕಡಿ ನೀವು ಹಿಡೀರಿ."

ಇವರು ಇಳಿದರು.

ಹೆಂಗಸರೆಲ್ಲ ಆಚೆ ಮುಖ ಮಾಡಿರಿ ಎಂದು ಅಯ್ಯನವರು ಅಂದರು. ನಾನು ಮಾಡಲಿಲ್ಲ. ಆಣೆ ನನ್ನದು.

ಮೊದಲು ಬಲಗಾಲು. ಇವರು ಪಾದ ಹಿಡಿದರು. ದಿಗಂಬರ ಎಣಿಸಿದ, ಏಕ್, ದೋನ್ —