ಅವನ ಜೀವದ ಕಂತು

ಜೂನ್ 3, ಬೆಳಿಗ್ಗೆ 4.50
ಫೋನ್ ಟಿಂಗ್ ಅಂತು. ಎಚ್ಚರ. ಮಗಳು ಕಣ್ಣು ಮುಚ್ಚಿದ್ದೇ ಮೂರೂವರೆಗೆ. ಇವರ ಮೆಸೇಜೇನೋ ಅಂದ್ಕೊಂಡೆ — 'ಇವರ' ಅಂತ ಯಾಕೆ ಬರೆದೆ. ಅವನ.

ಅವನದಲ್ಲ. ಇನ್ಶೂರೆನ್ಸ್‌ನವರು. ಮನೆ ಸಾಲದ ಪಾಲಿಸಿ, ಆರು ತಿಂಗಳ ಕಂತು, ಇಪ್ಪತ್ತರೊಳಗೆ ಕಟ್ಟದಿದ್ದರೆ ರದ್ದು. ಅವನು ಸತ್ತರೆ ಬ್ಯಾಂಕಿನ ಸಾಲ ಅವರೇ ತೀರಿಸ್ತಾರೆ. ನಾನು ಸತ್ತರೆ ಏನೂ ಇಲ್ಲ. ಸಹಿ ಹಾಕುವಾಗ ಏಳು ತಿಂಗಳ ಬಸುರಿ. "ನಿಮ್ಮದು ಹೆರಿಗೆ ಆದಮೇಲೆ ನೋಡೋಣ ಮೇಡಂ" ಅಂದಿದ್ರು. ಹೆರಿಗೆ ಆಯ್ತು. ಮೂರು ತಿಂಗಳಿಗೆ ಸರಿಯಾಗಿ ಅವನು ಬ್ಯಾಗ್ ತುಂಬ್ಕೊಂಡು ಆಫೀಸಿನ ರಿಸೆಪ್ಶನಿಸ್ಟ್ ಮನೆಗೆ ಹೋದ.

ಬಿಟ್ಟು ಹೋದವನ ಜೀವಕ್ಕೆ ನಾನು ಕಂತು ಕಟ್ಟಬೇಕಾ? ಅರ್ಧ ಸಂಬಳದ ರಜೆಯಲ್ಲಿ?

ಜೂನ್ 4
ಅಕ್ಕನ ಫೋನ್.
"ಬಿಟ್ಹಾಕು. ತೊಲಗಿದ ಪೀಡೆಗೆ ಎಂಥ ಇನ್ಶೂರೆನ್ಸು."
"ಅಕ್ಕಾ, ಅವನು ಲಿಫ್ಟ್ ಮೆಕ್ಯಾನಿಕ್. ಹನ್ನೆರಡು ಮಹಡಿ ಲಿಫ್ಟಿನ ಕೆಳಗಿನ ಗುಂಡಿಗೆ ದಿನಾ ಇಳಿಯೋನು."
"ಹಾಗಾದ್ರೆ ಕಟ್ಟೇ, ಮಾರಾಯ್ತಿ."
ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮಗು ಬೆಚ್ಚಿಬಿತ್ತು.

ಜೂನ್ 9, ಬೆಳಿಗ್ಗೆ 11
ಈಗಲೂ ಮೆಸೇಜ್ ಕಳಿಸ್ತಾನೆ. ಗುಂಡಿಗೆ ಇಳಿಯೋ ಮುಂಚೆ 'ಇಳಿದೆ'. ಹತ್ತಿ ಬಂದಮೇಲೆ 'ಬಂದೆ'. ಮದುವೆಯಾದ ಹೊಸದರಲ್ಲಿ ನಾನೇ ಹಾಕಿದ ಕರಾರು. ಕೈ ಅಭ್ಯಾಸವೋ, ನಾಟಕವೋ. ಉತ್ತರ ಕೊಡಲ್ಲ. ಆದರೆ ಎರಡನೇ ಮೆಸೇಜ್ ಬರೋವರೆಗೂ ಎದೆಹಾಲು ಇಳಿಯಲ್ಲ. ಮಗು ಕಚ್ಚಿ ಕಚ್ಚಿ ಅಳುತ್ತೆ.
ಅದೂ ಅವನ ಲೆಕ್ಕಕ್ಕೇ ಇರಲಿ.

ಜೂನ್ 17
ಬಂದಿದ್ದ. ಡ್ಯೂಟಿಗೆ ಹಾಕೋ ಹಳೇ ಹೆಲ್ಮೆಟ್ ಬೇಕಂತೆ. ಚಪ್ಪಲಿ ಸ್ಟ್ಯಾಂಡ್ ಹಿಂದೆ ಹುಡುಕಿದ, ಸಿಕ್ತು. ಮೇಜಿನ ಮೇಲೆ ಪಾಲಿಸಿ ಕಾಗದ ಕಂಡ. ಬೇಕಂತಲೇ ಇಟ್ಟಿದ್ದೆ.
"ಇದನ್ನ ನಿಲ್ಲಿಸಿಬಿಡು ಕಣೇ. ಕೆಳಗೆ ಇಳಿಯುವಾಗೆಲ್ಲ ತಲೇಲಿ ಕೊರೀತಿರುತ್ತೆ. ನಾನು ಸಾಯೋದನ್ನೇ ಕಾಯ್ತಾ ಮನೇಲಿ ಒಬ್ಬಳು ಕೂತಿದಾಳೆ ಅಂತ."
"ಒಬ್ಬಳಲ್ಲ," ಅಂದೆ. ಮಗೂನ ಎತ್ತಿ ತೋರಿಸಿದೆ. "ಇಬ್ಬರು."
ಅವನ ಮುಖ ಸುಣ್ಣ. ಹೆಲ್ಮೆಟ್ ಬಿಟ್ಟೇ ಹೋದ.
ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜೂನ್ 20, ಮಧ್ಯಾಹ್ನ 3
ಕಟ್ಟಿದೆ. ಕೊನೇ ದಿನ, ಕೊನೇ ಗಂಟೆ. ಕೌಂಟರಿನವಳು ಮಗು ಕೆನ್ನೆ ಸವರಿ, "ಯಜಮಾನರ ಮೇಲೆ ಎಷ್ಟು ಕಾಳಜಿ ನಿಮಗೆ" ಅಂದಳು.
"ಹೂಂ, ತುಂಬಾ."
ರಸೀದಿ ಫೋಟೋ ಅವನಿಗೆ ಕಳಿಸಿದೆ. ಕೆಳಗೆ — 'ಇನ್ನು ನಿಶ್ಚಿಂತೆಯಿಂದ ಇಳೀರಿ.' ಎರಡು ಸಲ ಓದಿ, ಖುಷಿಪಟ್ಟು, ಒತ್ತಿದೆ.

4.10
ಉತ್ತರ ಬಂತು. 'ಇಳಿದೆ.'

ಜೂನ್ 20, ರಾತ್ರಿ 9.40
'ಬಂದೆ' ಇಲ್ಲ.
ರಿಂಗ್ ಆಗುತ್ತೆ, ಎತ್ತಲ್ಲ. ಹದಿನೇಳು ಸಲ. ಕೊನೆಗೆ ಮಾನ ಬಿಟ್ಟು ಆ ರಿಸೆಪ್ಶನಿಸ್ಟ್‌ಗೇ ಮಾಡಿದೆ. "ಅಕ್ಕಾ, ಇಲ್ಲಿಗೂ ಬಂದಿಲ್ಲ. ಡ್ಯೂಟಿ ಆರಕ್ಕೇ ಮುಗೀತು" ಅಂದಳು. ಯಾವ ಜನ್ಮದ ಅಕ್ಕ ನಾನು? ಅತ್ತಳು. ಬೈಯೋಕೆ ಒಂದು ತಿಂಗಳಿಂದ ಜೋಡಿಸಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ.
ಹೆಲ್ಮೆಟ್ ಇಲ್ಲೇ ಇದೆ. ಮೇಜಿನ ಮೇಲೆ.

12.15
ನೀವು ಫೋನ್ ಎತ್ತಲ್ಲ. ಈ ಪುಟದ್ದೇ ಫೋಟೋ ಕಳಿಸ್ತೀನಿ. ಓದಿ.
ಬೇಕಂತಲೇ ಮೆಸೇಜ್ ಮಾಡಿಲ್ಲ ಅಲ್ವಾ? ನನ್ನ ಮೇಲಿನ ಸೇಡಿಗೆ? ಹಾಗಿದ್ರೆ ನೀವೇ ಗೆದ್ರಿ. ಅವಳ ಮನೇಲೇ ಇರಿ, ನೂರು ವರ್ಷ ಇರಿ. ಪಾಲಿಸಿ ಹರಿದುಹಾಕ್ತೀನಿ, ಸಾಲ ನಾನೊಬ್ಬಳೇ ತೀರಿಸ್ತೀನಿ. ಮಗು ಅಳ್ತಿದೆ, ಹಾಲು ಇಳೀತಿಲ್ಲ. ಬೆಳಗಾಗೋದರೊಳಗೆ ಒಂದು ಫೋನ್ ಮಾಡಿ. ಮಾತು ಬೇಡ. ಬೈಯೋದಾದ್ರೆ ಬೈಯಿರಿ. ಬರೀ ರಿಂಗ್ ಕೊಟ್ಟರೂ ಸಾಕು, ಒಂದೇ ಒಂದು