ಮೆಟ್ಟಿಲಿಲ್ಲದ ಮುಂಬಾಗಿಲು

ನವೆಂಬರ್ ೪, ಸ್ಯಾಸ್ಕಟೂನ್

ಹಿಮ ಕರಗಲೆಂದು ಉಪ್ಪು ಸುರಿದು ಸುರಿದು ಪುಡಿಯಾಗಿದ್ದ ಮುಂಬಾಗಿಲ ಕಾಂಕ್ರೀಟ್ ಮೆಟ್ಟಿಲುಗಳನ್ನು ಮೇಸ್ತ್ರಿ ಲಾಯ್ಡ್ ನಿನ್ನೆ ಒಡೆದು ತೆಗೆದ. ರಾತ್ರಿ ಬಿದ್ದ ಹಿಮ ಹಿಂಬಾಗಿಲನ್ನೂ ಮುಚ್ಚಿದೆ.

"ಈ ಚಳಿಗೆ ಕಾಂಕ್ರೀಟ್ ಕಚ್ಚಲ್ಲಮ್ಮ, ಇನ್ನು ವಸಂತಕ್ಕೇ," ಎಂದ ಲಾಯ್ಡ್ ಇವತ್ತು ಬೆಳಿಗ್ಗೆ, ಹೊಸ್ತಿಲ ಕೆಳಗಿನ ಹಳ್ಳದಲ್ಲಿ ನಿಂತು. "ಅಲ್ಲೀತನಕ ಮರದ ಮೆಟ್ಟಿಲು ಇಡ್ಲಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಒರೆಸ್ಟ್ ಒಳಗಿನಿಂದ ಉತ್ತರಿಸಿದ: "ಬೇಡ. ಅವಳಿಗೆಲ್ಲಿ ಹೋಗೋದಿದೆ?"

ನಾನು ಬಾಗಿಲು ಹಾಕಿದೆ. ಮದುವೆಯಾದಾಗಿನಿಂದ, ಅವನು ಬೇಡ ಎಂದಾಗಲೆಲ್ಲ ಹೀಗೆಯೇ ಹಾಕುತ್ತಿದ್ದೇನೆ.

ಮಧ್ಯಾಹ್ನ ಒರೆಸ್ಟ್ ಗೊರಕೆ ಹೊಡೆಯುವಾಗ ಲಾಯ್ಡ್‌ಗೆ ಫೋನ್ ಮಾಡಿದೆ. "ನಾಳೆ ಆ ಮರದ ಮೆಟ್ಟಿಲು ತಗೊಂಡ್ ಬಾಪ್ಪ."

"ಎಲ್ಲಿಗಮ್ಮ ಸವಾರಿ?" ಎಂದು ನಕ್ಕ.

ನನಗೂ ಗೊತ್ತಿರಲಿಲ್ಲ. "ಮೊದ್ಲು ಇಳೀತೀನಿ, ಆಮೇಲೆ ನೋಡೋಣ," ಎಂದೆ.

ನಾಳೆ ಬೆಳಿಗ್ಗೆ ಒರೆಸ್ಟ್‌ಗೆ ಏನೆಂದು ಹೇಳಬೇಕೋ, ಅದನ್ನೇ ಯೋಚಿಸುತ್ತಿದ್ದೇನೆ.